ಠೇವಿನ ಬಡ್ಡಿ ಏರ್ಸಿದ್ರೆ ಸದಸ್ಯರು ಉಳೀತಾರಾ?

ಪ್ರಶ್ನೆ: ಸರ್, ಶಿರಸಿ ಹತ್ರದ ಒಂದು ಸಣ್ಣ ಸೇವಾ ಸಹಕಾರಿ ಸಂಘದಲ್ಲಿ ನಾನು ಡೈರೆಕ್ಟರ್. ಅಡಿಕೆ ದುಡ್ಡು ಬಂದ ಕೂಡ್ಲೇ ಸದಸ್ಯರು ಪ್ಯಾಟೆ ಬ್ಯಾಂಕಲ್ಲಿ ಎಫ್‌ಡಿ ಇಡ್ತಾರೆ, ಹುಡುಗ್ರು ಮೊಬೈಲ್ ಆ್ಯಪಲ್ಲೇ ಸಾಲ ತಗೋತಾರೆ. ಠೇವಿನ ಬಡ್ಡಿ ಒಂದು ಪರ್ಸೆಂಟ್ ಏರ್ಸೋಣ ಅಂತ ಕಮಿಟೀಲಿ ಮಾತು. ಸರೀನಾ?

ಉತ್ತರ: ಬೇಡ. ಲೆಕ್ಕ ಹಾಕಿ ನೋಡಿ, 10 ಕೋಟಿ ಠೇವಿದ್ರೆ ಒಂದು ಪರ್ಸೆಂಟ್ ಅಂದ್ರೆ ವರ್ಷಕ್ಕೆ 10 ಲಕ್ಷ, ಹೊಸಬ್ರಿಗಷ್ಟೇ ಅಂದ್ರೂ ಹಳಬ್ರು ಬಿಡ್ತಾರಾ, ರಿನ್ಯೂವಲ್‌ಗೆ ಬಂದವ್ರೆಲ್ಲ ಅದನ್ನೇ ಕೇಳ್ತಾರೆ, ಆಮೇಲೆ ಆ ದುಡ್ಡು ದುಡಿಸ್ಬೇಕು ಅಂತ ಗುರುತು ಪರಿಚಯ ಇಲ್ಲದವ್ರಿಗೂ ದೊಡ್ಡ ಸಾಲ ಕೊಡೋಕೆ ಶುರು, ಸಂಘ ಮುಳುಗೋದು ಅಲ್ಲಿಂದ್ಲೇ.

ನಿಮ್ಮ ಬಲ ಬೇರೆ ಇದೆ. ಯಾರ ತೋಟಕ್ಕೆ ಕೊಳೆರೋಗ ಬಿತ್ತು, ಯಾರು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರದೆ ಕಟ್ಟಿಟ್ಟಿದಾರೆ, ಎಲ್ಲಾ ನಿಮಗೆ ಗೊತ್ತು. ಮಳೆ ಹಿಡಿಯೋ ಮೊದ್ಲು ಸದಸ್ಯ ಕೊಳೆ ಔಷಧಿಗೆ ಮೈಲುತುತ್ತು, ಸುಣ್ಣ ತಂದಿಡ್ಬೇಕು, ಮರ ಹತ್ತೋ ಕೊನೆಗೌಡ ಬಂದ ದಿನವೇ ಔಷಧಿ ಹೊಡಿಸ್ಬೇಕು, ಸಂಜೆಗೆ ಕೂಲಿ ಕೈಗಿಡ್ಬೇಕು. ಇಪ್ಪತ್ತು ಮೂವತ್ತು ಸಾವಿರದ ವಿಷ್ಯ, ಅದಕ್ಕೆ ಮುಂದಿನ ಮೀಟಿಂಗ್ ತನಕ ಕಾಯಿ ಅಂದ್ರೆ ಅವ್ನು ಆ್ಯಪಿಗೆ ಹೋಗ್ದೇ ಇನ್ನೇನ್ ಮಾಡ್ತಾನೆ? ಹಿಂದಿನ ವರ್ಷಗಳ ಅಡಿಕೆ ವಿಕ್ರಿ ನೋಡಿ ಏಪ್ರಿಲಲ್ಲೇ ಒಬ್ಬೊಬ್ರಿಗೂ ಒಂದು ಲಿಮಿಟ್ ಮಂಜೂರು ಮಾಡಿಡಿ, ಕೇಳಿದ ದಿನವೇ ಸೆಕ್ರೆಟರಿ ಖಾತೆಗೆ ಹಾಕೋ ಹಾಗಿರ್ಲಿ, ಬೈಲಾ ಅಡ್ಡ ಬಂದ್ರೆ ಮಹಾಸಭೇಲಿ ತಿದ್ದುಪಡಿ ಮಾಡ್ಕೊಳ್ಳಿ. ತಿಂಗಳ ಕಂತು ಇಡ್ಬೇಡಿ, ಅಡಿಕೆ ಮಾರೋ ಹೊತ್ತಿಗೆ ಒಂದೇ ಸಲ ತೀರ್ಸ್ಲಿ.

ಇನ್ನು ಬೆಳೆಸಾಲ. ಶೂನ್ಯ ಬಡ್ಡಿ ಮಿತೀನ ರಾಜ್ಯ ಸರ್ಕಾರ 2023-24ರ ಬಜೆಟ್ಟಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರ್ಸಿತು, ಅದು ಸಿಗೋದು ಸಹಕಾರಿ ವ್ಯವಸ್ಥೇಲೇ ಹೊರತು ಪ್ರೈವೇಟ್ ಬ್ಯಾಂಕಲ್ಲಲ್ಲ. ಆದ್ರೆ ವಾಯಿದೆಯೊಳಗೆ ಕಟ್ಟಿದವ್ರಿಗೆ ಮಾತ್ರ, ಹಾಗಾಗಿ ವಾಯಿದೆ ಹತ್ರ ಬಂದಾಗ ಒಂದು ಫೋನ್ ಮಾಡಿ. ನೋಟೀಸ್ ಅಂಟ್ಸಿದ್ವಲ್ಲ ಅಂದ್ರೆ ಯಾರೂ ಓದಲ್ಲ.

ಸ್ವಂತ ಆ್ಯಪ್ ಮಾಡ್ಸೋ ಹುಚ್ಚು ಬೇಡ. ಹಣ ಹಾಕಿದ್ರೆ, ತೆಗೆದ್ರೆ ಎಸ್ಸೆಮ್ಮೆಸ್ ಹೋದ್ರೆ ಸದ್ಯಕ್ಕೆ ಸಾಕು.

ಠೇವಿಗೆ ಬರೋಣ. ಬ್ಯಾಂಕ್ ಮುಳುಗಿದ್ರೆ ಠೇವಿಗೆ 5 ಲಕ್ಷದ ತನಕ ಸಿಗೋ ಇನ್ಶೂರೆನ್ಸ್ ಇರೋದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕೂ ಅದ್ರಲ್ಲಿ ಸೇರತ್ತೆ, ಆದ್ರೆ ನಿಮ್ಮಂಥ ಸಂಘಕ್ಕಿಲ್ಲ. ಕೇಳಿದವ್ರಿಗೆ ಇದನ್ನ ನೇರಾ ಹೇಳಿ. ಜನ ನಂಬೋದು ಸುಸ್ತಿ (ವಾಯಿದೆ ಮೀರಿದ ಸಾಲ) ಎಷ್ಟಿದೆ, ರಿಸರ್ವ್ ಎಷ್ಟಿದೆ ಅಂತ ನೋಡಿ, ಅದನ್ನ ವರದಿಯ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕ್ಬೇಡಿ, ಮಹಾಸಭೇಲಿ ಮೊದ್ಲು ಓದಿ. ಡೈರೆಕ್ಟರ್‌ಗಳ ಮನೆಯವ್ರದ್ದೇ ಸುಸ್ತಿ ಇದ್ರೆ ಸಭೆಗೆ ಮುಂಚೆ ಕಟ್ಸಿ, ಊರವ್ರಿಗೆ ಅದು ಗೊತ್ತಿಲ್ಲ ಅಂದ್ಕೊಂಡಿರೋದು ಕಮಿಟಿಯವ್ರು ಮಾತ್ರ.