ಜೋಡಿಸಿದ ಮಣಿಯ ಮೇಲಿನ ಡಿಸ್ಕ್ ಸವೆದರೆ ಮತ್ತೆ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಅವ್ವನಿಗೆ 61 ವರ್ಷ. ಆರು ವರ್ಷದ ಹಿಂದೆ ಸೊಂಟದ 4 ಮತ್ತು 5ನೇ ಮಣಿಗೆ ಸ್ಕ್ರೂ, ರಾಡ್ ಹಾಕಿ ಜೋಡಿಸಿದ್ದರು. ಆಮೇಲೆ ಆರಾಮಾಗೇ ಇದ್ದಳು. ಈಗ ಸ್ವಲ್ಪ ನಡೆದರೆ ಎರಡೂ ಕಾಲು ಜೋಮು ಹಿಡಿಯುತ್ತವೆ, ಶರಣಬಸವೇಶ್ವರ ಗುಡಿಗೆ ಹೋಗುವಾಗಲೂ ಅಲ್ಲಲ್ಲಿ ಕೂತು ಹೋಗಬೇಕು. ಎಂಆರ್‌ಐ ಮಾಡಿಸಿದರೆ 3-4ರ ನಡುವಿನ ಡಿಸ್ಕ್ ಸವೆದಿದೆ, ನರ ಹಾಯುವ ಜಾಗ ಕಿರಿದಾಗಿದೆ ಎಂದಿದೆ. ಮೊದಲಿನ ಆಪರೇಷನ್ ಕೆಟ್ಟಿತಾ? ಮತ್ತೆ ಮಾಡಿಸಬೇಕಾ?
- ಒಬ್ಬ ಓದುಗ, ಕಲಬುರಗಿ

ಉತ್ತರ: ಆಪರೇಷನ್ ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಜೋಡಿಸಿದ ಜಾಗ ಗಟ್ಟಿಯಾಗಿ ಕೂತಿದ್ದರೂ ಹೀಗಾಗುತ್ತದೆ. ಅಲ್ಲಿ ಅಲುಗಾಟ ನಿಂತಿರುತ್ತದೆ, ಬಾಗುವ ಏಳುವ ಒತ್ತಡವೆಲ್ಲ ಮೇಲಿನ ಅಥವಾ ಕೆಳಗಿನ ಮಣಿಗೆ ಬೀಳುತ್ತದೆ, ಜೊತೆಗೆ ವಯಸ್ಸಿನ ಸವೆತವೂ ಇದ್ದೇ ಇರುತ್ತದಲ್ವಾ. ಇಂಥ ಆಪರೇಷನ್ ಆದವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 2-3 ಜನರಿಗೆ ಪಕ್ಕದ ಮಣಿಯ ತೊಂದರೆ ಶುರುವಾಗುತ್ತದೆ. ಸ್ಕ್ಯಾನ್‌ನಲ್ಲಿ ಸವೆತ ಕಂಡರೂ ನೋವೇ ಇಲ್ಲದವರು ಇನ್ನೂ ಜಾಸ್ತಿ. ಹಾಗಾಗಿ ಬರೀ ರಿಪೋರ್ಟ್ ನೋಡಿ ಆಪರೇಷನ್ ನಿರ್ಧರಿಸುವುದು ನನಗೆ ಸರಿ ಕಾಣುವುದಿಲ್ಲ.

ಅವರು ಕೂತಾಗ, ಮುಂದಕ್ಕೆ ಬಾಗಿದಾಗ ಜೋಮು ಇಳಿಯುತ್ತದಾ ಗಮನಿಸಿ. ಇಳಿದರೆ ಅದು ನರ ಒತ್ತಿದ ಲಕ್ಷಣ. ಸುಮ್ನೆ ನಿಂತರೂ ಸಾಕು, ಇಳಿಯುತ್ತದೆ ಎಂದರೆ ಕಾಲಿನ ರಕ್ತನಾಳವನ್ನೂ ನೋಡಿಸಬೇಕು, ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಬಿಡಲೇಬಾರದು. ನಿಂತು, ಮುಂದೆ ಹಿಂದೆ ಬಾಗಿ ತೆಗೆಸುವ ಎಕ್ಸ್‌ರೇ ಬೇಕು, ಮಣಿ ಜಾರುತ್ತಿದ್ದರೆ ಮಲಗಿಸಿ ತೆಗೆದ ಎಂಆರ್‌ಐನಲ್ಲಿ ಗೊತ್ತಾಗದೇ ಹೋಗಬಹುದು. ಹಳೆಯ ಜೋಡಣೆ ಬೆಸೆದಿದೆಯೋ, ಸ್ಕ್ರೂ ಸಡಿಲವಾಗಿದೆಯೋ ಎಂಬುದು ಸಿಟಿ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಕಾಲಿನ ಶಕ್ತಿ ಸರಿಯಿದ್ದರೆ ಮೊದಲು ಫಿಸಿಯೋಥೆರಪಿ, ಔಷಧ, ತೂಕ ಇಳಿಸುವುದು. ಬೇಕಾದರೆ ಬೆನ್ನಿಗೆ ಇಂಜೆಕ್ಷನ್. ಮನೆಯಲ್ಲಿ ಒಂದು ಬದಲಾವಣೆ ಮಾತ್ರ ಇವತ್ತೇ ಮಾಡಿ: ನೆಲದ ಮೇಲೆ ಕೂತು ಬಗ್ಗಿ ಜೋಳದ ರೊಟ್ಟಿ ಬಡಿಯುವುದು ಬೇಡ, ಒಲೆ ಕಟ್ಟೆಯ ಮೇಲಿರಲಿ. ತೊಗರಿ ಚೀಲ ಎತ್ತುವುದು, ಬಗ್ಗಿ ಕಳೆ ತೆಗೆಯುವುದು ಕೂಡ ಬೇಡ. ತಂಬಾಕು ಹಾಕುವ ಚಟ ಇದ್ದರೆ ಬಿಡಿಸಿ.

ಇಷ್ಟಾದರೂ ನಡೆಯುವ ದೂರ ಕಡಿಮೆಯಾಗುತ್ತಲೇ ಹೋದರೆ ಆಪರೇಷನ್ ಮಾತು ಬರುತ್ತದೆ. ಕೆಲವರಿಗೆ ನರದ ಒತ್ತಡ ಬಿಡಿಸಿದರೆ ಸಾಕು, ಮಣಿ ಜಾರುವವರಿಗೆ ಜೋಡಣೆಯನ್ನು ಮೇಲಕ್ಕೂ ಮುಂದುವರಿಸಬೇಕಾಗುತ್ತದೆ. ಆದರೆ ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಒಂದು ದಿನವೂ ಕಾಯಬೇಡಿ, ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.