ಖಾರವನ್ನು ಬಿಡಿ, ಮುದ್ದೆ ಇಳಿಯದ ಅಜ್ಜಿಯಿಂದ ಶುರು ಮಾಡಿ

ಪ್ರಿಯ ಸೋದರಿ, ನಮಸ್ಕಾರ.

ನೀವು ದಾವಣಗೆರೆಯಿಂದ ಕಳಿಸಿದ ‘ಖಾರದ ಊರು, ಹುಣ್ಣಿನ ಹೊಟ್ಟೆ’ ಲೇಖನವನ್ನು ನಿಧಾನವಾಗಿ ಓದಿದೆ. ಈಗ ಇರುವ ಹಾಗೆ ಇದನ್ನು ನಮ್ಮ ಆರೋಗ್ಯ ಪುಟದಲ್ಲಿ ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಬಿಟ್ಟುಬಿಡಲೂಬಾರದು. ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಎಂಡೋಸ್ಕೋಪಿ ಕೋಣೆಯಲ್ಲಿ ದಿನವೂ ಕೆಲಸ ಮಾಡುವವರು ಕನ್ನಡದಲ್ಲಿ ಬರೆಯುವುದು ತೀರಾ ಕಡಿಮೆ.

ನಿಮ್ಮ ವಾದ ಇಷ್ಟು. ನಮ್ಮೂರಿನವರು ಮಿರ್ಚಿ ಮಂಡಕ್ಕಿ ಜಾಸ್ತಿ ತಿನ್ನುತ್ತಾರೆ, ಅದಕ್ಕೇ ಎದೆಯುರಿ. ಎದೆಯುರಿ ಬಲಿತರೆ ಹುಣ್ಣು, ಹುಣ್ಣು ಬಲಿತರೆ ಕ್ಯಾನ್ಸರ್. ಓದಲು ಸರಾಗವಾಗಿದೆ, ಆದರೆ ನಿಜವಲ್ಲ.

ಹೊಟ್ಟೆ ಹುಣ್ಣಿಗೆ ಮುಖ್ಯ ಕಾರಣ ಎರಡು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇನ್ನೊಂದು ನೋವಿನ ಮಾತ್ರೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸುವ ತನಕ ಡಾಕ್ಟರುಗಳೂ ಟೆನ್ಷನ್, ಖಾರ, ಆಸಿಡ್ ಎಂದೇ ಹೇಳುತ್ತಿದ್ದರು. ಆಮೇಲೂ ಬಹಳ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಖಾರ ತಿಂದರೆ ಇರುವ ಉರಿ ಜಾಸ್ತಿ ಅನ್ನಿಸಬಹುದು. ಹುಣ್ಣು ಖಾರದಿಂದ ಹುಟ್ಟುವುದಿಲ್ಲ.

ಇಷ್ಟೇ ಆಗಿದ್ದರೆ ನಾನೇ ತಿದ್ದಿ ಹಾಕುತ್ತಿದ್ದೆ. ನನ್ನ ಭಯ ಬೇರೆ. ನಿಮ್ಮ ಲೇಖನ ಓದಿದ ಒಬ್ಬ ರೈತ ಮಿರ್ಚಿ ಬಿಡುತ್ತಾನೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಮಾತ್ರೆ ಬಿಡುವುದಿಲ್ಲ, ಗುಟ್ಕಾನೂ ಬಿಡುವುದಿಲ್ಲ. ಇನ್ನು ತನಗೇನೂ ಆಗದು ಅಂದುಕೊಳ್ಳುತ್ತಾನೆ. ಅವನಿಗೆ ಹಾಗೆ ಅನ್ನಿಸಲು ನಾವು ಕಾರಣ ಆಗಬಾರದು.

ಅನ್ನನಾಳದ ಕ್ಯಾನ್ಸರಿಗೂ ಎದೆಯುರಿಯನ್ನೇ ಕಾರಣ ಮಾಡಿದ್ದೀರಿ. ವರ್ಷಗಟ್ಟಲೆ ಎದೆಯುರಿ ಇದ್ದ ಕೆಲವರಿಗೆ ಅನ್ನನಾಳದ ಕೆಳಭಾಗದಲ್ಲಿ ಒಂದು ಬಗೆಯ ಕ್ಯಾನ್ಸರ್ ಬರುವುದು ನಿಜ. ಅದು ಪಶ್ಚಿಮದ ದೇಶಗಳಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆ. ಅದಕ್ಕೆ ತಂಬಾಕು, ಹೆಂಡ, ಎಲೆ ಅಡಿಕೆಯ ನಂಟು. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಚನ್ನಗಿರಿಯ ತೋಟಗಳು ಪಕ್ಕದಲ್ಲೇ ಇರುವಾಗ ಇದನ್ನು ಬರೆಯುವುದು ಸುಲಭವಲ್ಲ, ಗೊತ್ತು. ನಮ್ಮ ಓದುಗರಲ್ಲೂ ಅಡಿಕೆ ಬೆಳೆಗಾರರು ತುಂಬಾ ಜನ. ಹಾಗಂತ ಅಡಿಕೆಯ ತಪ್ಪನ್ನು ಮಿರ್ಚಿ ಗಾಡಿಯವನ ತಲೆಗೆ ಕಟ್ಟುವುದು ಸರಿಯಲ್ಲ, ಅಲ್ವಾ?

ಇನ್ನು ಲೆಕ್ಕದ ವಿಷಯ. ‘ನಮ್ಮಲ್ಲಿಗೆ ಬರುವವರಲ್ಲಿ ಬಹಳ ಜನಕ್ಕೆ ಹುಣ್ಣಿದೆ, ಅಂದರೆ ದಾವಣಗೆರೆಯಲ್ಲಿ ಮನೆಗೊಬ್ಬರಿಗೆ ಹುಣ್ಣಿದೆ’ ಎಂದು ಬರೆದಿದ್ದೀರಿ. ಈ ಸಾಲನ್ನು ಪೂರ್ತಿ ತೆಗೆಯಿರಿ. ಎಂಡೋಸ್ಕೋಪಿಗೆ ಬರುವವರು ತೊಂದರೆ ಇದ್ದೇ ಬಂದವರು. ಅದರಲ್ಲೂ ಹರಪನಹಳ್ಳಿ, ರಾಣೆಬೆನ್ನೂರು, ಚಳ್ಳಕೆರೆ ಕಡೆಯಿಂದ ಬಂದವರು ಎಷ್ಟು ಮಂದಿ! ಅವರನ್ನೆಲ್ಲ ಎಣಿಸಿ ದಾವಣಗೆರೆಯ ಜನಸಂಖ್ಯೆಗೆ ಹಂಚಿದರೆ ಅದು ಊರಿನ ಲೆಕ್ಕ ಆಗುವುದಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಅಲ್ಲಿ ಆ ಪ್ರದೇಶದಲ್ಲಿ ನೆಲೆಸಿದವರನ್ನು ಮಾತ್ರ ಎಣಿಸುತ್ತಾರೆ, ಹೊರಗಿನಿಂದ ಚಿಕಿತ್ಸೆಗೆ ಬಂದವರನ್ನು ಬೇರೆ ಇಡುತ್ತಾರೆ. ಅದಕ್ಕೇ ಅವರ ಅಂಕಿಗೆ ಬೆಲೆ. ಹಾಗೆಯೇ, ಖಾರ ಬಿಟ್ಟು ಈಗ ಬ್ಯಾಕ್ಟೀರಿಯಾ ಹೆಸರಲ್ಲಿ ಹೆದರಿಸಬೇಡಿ. ಪೈಲೋರಿ ದೇಶದ ಬಹಳ ಜನರ ಹೊಟ್ಟೆಯಲ್ಲಿದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಜಠರದ ಕ್ಯಾನ್ಸರ್ ಮಿಜೋರಾಂನಲ್ಲಿ ವಿಪರೀತ, ನಮ್ಮ ಕಡೆ ಅಷ್ಟಿಲ್ಲ.

ಈಗ ನನಗೆ ತುಂಬಾ ಹಿಡಿಸಿದ ಜಾಗಕ್ಕೆ ಬರುತ್ತೇನೆ. ಕೊನೆಯ ಪುಟದಲ್ಲಿ ಹೊಳಲ್ಕೆರೆ ಕಡೆಯ ಅಜ್ಜಿಯೊಬ್ಬರು ಬರುತ್ತಾರೆ. ‘ಮುದ್ದೆ ಗಂಟ್ಲಾಗೆ ಇಳಿಯಲ್ಲ ಕಣವ್ವ, ಬರೀ ಅಂಬ್ಲಿ ಕುಡ್ಕಂಡು ಇದೀನಿ’ ಅನ್ನುತ್ತಾರೆ. ನೀವು ಒಂದೇ ಸಾಲಲ್ಲಿ ಅವರನ್ನು ಕಳಿಸಿಬಿಟ್ಟಿದ್ದೀರಿ. ಸೋದರಿ, ನಿಮ್ಮ ಲೇಖನವೇ ಅವರು. ಅನ್ನನಾಳ ಒಳಗಿನಿಂದ ಕಿರಿದಾಗುತ್ತಾ ಬಂದರೆ ಮೊದಲು ಮುದ್ದೆ, ರೊಟ್ಟಿಯಂಥ ಗಟ್ಟಿ ತುತ್ತು ನಿಲ್ಲುತ್ತದೆ. ಜನ ನೀರು ಕುಡಿದು ನೂಕುತ್ತಾರೆ. ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಗಂಜಿ, ಅಂಬಲಿ. ಕೊನೆಗೆ ನೀರೂ ಕಷ್ಟ. ಮೊದಲಿನಿಂದಲೇ ನೀರು, ಅನ್ನ ಎರಡೂ ಒಟ್ಟಿಗೆ ನಿಂತರೆ ಡಾಕ್ಟರ್ ಬೇರೆ ಕಾಯಿಲೆ ಯೋಚಿಸುತ್ತಾರೆ, ಅನ್ನನಾಳದ ಚಲನೆಯದ್ದು. ಹಾಗಾಗಿ ‘ಏನು ತಿಂದರೆ ನಿಲ್ಲುತ್ತೆ, ಯಾವಾಗಿನಿಂದ’ ಅನ್ನುವ ಪ್ರಶ್ನೆಯಲ್ಲೇ ಅರ್ಧ ಪತ್ತೆ ಆಗಿಬಿಡುತ್ತದೆ. ಇದು ನಮ್ಮ ಹಳ್ಳಿಗಳ ಪ್ರತಿ ಮನೆಗೂ ಗೊತ್ತಾಗಬೇಕು. ನುಂಗಲು ಕಷ್ಟ, ತೂಕ ಇಳಿಯುವುದು, ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಇವುಗಳಲ್ಲಿ ಯಾವುದಿದ್ದರೂ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಬೇಕು ಎಂದು ಅಲ್ಲೇ ಬರೆಯಿರಿ. ಅಜ್ಜಿಯ ಕಥೆಯೊಳಗೆ ಬಂದರೆ ಅದು ಉಪದೇಶ ಅನ್ನಿಸುವುದಿಲ್ಲ.

ಅವರ ಹೆಸರು, ಹಳ್ಳಿ ಮಾತ್ರ ಖಂಡಿತ ತೆಗೆಯಿರಿ. ರೋಗಿ ನಿಮ್ಮನ್ನು ನಂಬಿ ಹೇಳಿದ ಮಾತು ಅದು.

ಇನ್ನೊಂದು ಕಡೆ ‘ಟೆಸ್ಟ್ ಹಾಕಿದೆವು, ಪಾಸಿಟಿವ್ ಬಂತು’ ಎಂದಿದ್ದೀರಿ. ನೀವು ಕಣ್ಣಾರೆ ನೋಡುವುದನ್ನು ಬರೆಯಿರಿ. ಜಠರದಿಂದ ತೆಗೆದ ಚೂರನ್ನು ಹಳದಿ ಜೆಲ್‌ಗೆ ಹಾಕುತ್ತೀರಿ. ಬ್ಯಾಕ್ಟೀರಿಯಾ ಇದ್ದರೆ ಅದರ ಕಿಣ್ವ ಜೆಲ್‌ನಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಹಳದಿ ಗುಲಾಬಿಯಾಗುತ್ತದೆ. ಓದುಗರಿಗೆ ಇದು ಹೊಸದು. ಒಂದು ವಿಷಯ ಮರೆಯಬೇಡಿ: ಆಸಿಡ್ ಕಡಿಮೆ ಮಾಡುವ ಪ್ಯಾಂಟೋಪ್ರಜೋಲ್‌ನಂಥ ಮಾತ್ರೆ ನುಂಗುತ್ತಲೇ ಬಂದವರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಬಣ್ಣ ಬದಲಾಗದೆ ಹೋಗಬಹುದು. ಅದಕ್ಕೇ ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು ಎನ್ನುವುದು.

ತಿದ್ದಿದ್ದನ್ನು ನಿಮ್ಮ ಜೊತೆಗಿರುವ ಡಾಕ್ಟರೊಬ್ಬರಿಗೆ ಓದಿಸಿ ನನಗೆ ಕಳಿಸಿ. ಅಜ್ಜಿಯ ಭಾಗ ಎಷ್ಟು ಉದ್ದವಾದರೂ ಸರಿ, ಜಾಗ ನಾನು ಮಾಡಿಕೊಡುತ್ತೇನೆ. ಶೀರ್ಷಿಕೆ ಮಾತ್ರ ಬೇರೆ ಇಡಿ.

ಇಂತಿ,
ಸಂಪಾದಕ