ಚಿಕ್ಕ ಮಕ್ಕಳಿರುವ ತಾಯಿ: ಸತ್ಯವೇದದ ಓದು, ಗುರಿ, ಜೊತೆಗಾತಿಯರು – ಯಾವುದರಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಸತ್ಯವೇದವನ್ನು (ಬೈಬಲನ್ನು) ಒಂದು ಸಲವಾದರೂ ಪೂರ್ತಿ ಓದಬೇಕು, ಬೇರೆ ಪುಸ್ತಕಗಳನ್ನೂ ಓದಬೇಕು, ವರ್ಷಕ್ಕೆ ಒಂದಷ್ಟು ಗುರಿ ಇಟ್ಟುಕೊಳ್ಳಬೇಕು, ನಿಮ್ಮಂಥ ತಾಯಂದಿರ ಜೊತೆಯೂ ಬೇಕು. ಗಂಡನಿಗೆ ಇದರಲ್ಲಿ ಅಷ್ಟು ಆಸಕ್ತಿ ಇಲ್ಲ. ಮೊದಲು ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ.

ಜೊತೆಯನ್ನು ಹಿಡಿಯಿರಿ. ಗುಂಪು ಬೇಡ, ಒಬ್ಬರು ಸಾಕು. ನಾನು ಇದನ್ನು ತಿರುವುಮುರುವು ಮಾಡಿ ಮೂರು ವರ್ಷ ಕಳೆದೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮೊದಲ ವರ್ಷ ಜನವರಿ ಒಂದರಂದು ಆದಿಕಾಂಡದಿಂದ ಶುರು ಮಾಡಿದೆ. ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಓದಬೇಕು. ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40. ಅಂದರೆ ಜನವರಿ ಮುಗಿಯುವ ಹೊತ್ತಿಗೆ ಸರಿಯಾಗಿ ಮೂರನೇ ಪುಸ್ತಕವಾದ ಯಾಜಕಕಾಂಡದ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಮಗಳಿಗೆ ಆಗ ಹಲ್ಲು ಬರುತ್ತಿತ್ತು, ರಾತ್ರಿ ನಿದ್ದೆ ಇಲ್ಲ. ಹೋಮದ ನಿಯಮ, ಕುಷ್ಠದ ನಿಯಮ ಓದುತ್ತಾ ಕೂತಲ್ಲೇ ತೂಕಡಿಸುತ್ತಿದ್ದೆ. ನಾಲ್ಕು ದಿನ ತಪ್ಪಿತು. ಹದಿಮೂರು ಅಧ್ಯಾಯ ಬಾಕಿ ಎಂದು ಲೆಕ್ಕ ಹಾಕಿದೆ. ಸಾಲ ತೀರಿಸುವ ಹಾಗೆ ಓದಲು ಹೋಗಿ ಪುಸ್ತಕವನ್ನೇ ಮುಚ್ಚಿಟ್ಟೆ.

ಎರಡನೇ ವರ್ಷ ಯಾರೋ ಹೇಳಿದರೆಂದು ಮಕ್‌ಶೇನ್ ಎಂಬ ಸ್ಕಾಟ್ಲೆಂಡಿನ ಪಾಸ್ಟರ್ 1842ರಲ್ಲಿ ತನ್ನ ಚರ್ಚಿನ ಸಭೆಗೆ ಬರೆದುಕೊಟ್ಟ ಓದಿನ ಪಟ್ಟಿ ಹಿಡಿದೆ. ಹಳೆ ಒಡಂಬಡಿಕೆ (ಯೇಸುವಿಗೆ ಮುಂಚಿನ ಭಾಗ) ವರ್ಷಕ್ಕೆ ಒಂದು ಸಲ, ಹೊಸ ಒಡಂಬಡಿಕೆ (ಯೇಸುವಿನಿಂದ ಮುಂದಿನದು) ಮತ್ತು ಕೀರ್ತನೆಗಳು ಎರಡೆರಡು ಸಲ, ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ. ಒಳ್ಳೆಯ ಪಟ್ಟಿಯೇ, ಇವತ್ತಿಗೂ ಎಷ್ಟೋ ಜನ ಅದನ್ನು ಓದುತ್ತಾರೆ. ಆದರೆ ಆಮೇಲೆ ಗೊತ್ತಾಯಿತು, ಆ ಪುಣ್ಯಾತ್ಮ ಮದುವೆಯೇ ಆಗಿರಲಿಲ್ಲ, 29ನೇ ವಯಸ್ಸಿಗೇ ತೀರಿಕೊಂಡ. ಸೊಂಟದ ಮೇಲೆ ಕೂಸು ಕೂರಿಸಿಕೊಂಡು ಹಾಕಿದ ಪಟ್ಟಿಯಲ್ಲ ಅದು! ಮೂರನೇ ವರ್ಷದ ಕಥೆ ಹೇಳುವಷ್ಟೇನೂ ಇಲ್ಲ. ಹೊಸ ನೋಟ್‌ಬುಕ್ ತಂದೆ, ಬಣ್ಣದ ಪೆನ್ನು ತಂದೆ, ಅಷ್ಟೇ.

ದಾರಿ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ನಮ್ಮ ಸಭೆಯಲ್ಲಿ ಒಬ್ಬ ಹಿರಿಯ ಆಂಟಿ ಇದ್ದಾರೆ. ಕಣ್ಣು ಮಂಜಾಗಿ ಅವರಿಗೆ ಅಕ್ಷರ ಕಾಣದಂತಾಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, "ಮಧ್ಯಾಹ್ನ ಬಿಡುವಿದ್ದಾಗ ಫೋನಿನಲ್ಲಿ ಒಂದು ಅಧ್ಯಾಯ ಓದಿ ಹೇಳ್ತೀಯಾ ಮಗಳೇ?" ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮಗಳು ಮಲಗುವ ಹೊತ್ತಿಗೆ ಫೋನ್ ಮಾಡಿ ಓದಲು ಶುರು ಮಾಡಿದೆ. ಎಲ್ಲಿಂದ ಓದಲಿ ಎಂದು ಕೇಳಿದರೆ, "ನೀನು ಬಿಟ್ಟಲ್ಲಿಂದಲೇ" ಅಂದರು. ಅಂದರೆ ಯಾಜಕಕಾಂಡ.

12ನೇ ಅಧ್ಯಾಯ ನೆನಪಿದೆ. ಹೆರಿಗೆಯಾದ ಹೆಂಗಸು ಏನು ಅರ್ಪಿಸಬೇಕು ಎಂಬುದು ಅಲ್ಲಿದೆ. ಕುರಿ ತರಲು ಗತಿಯಿಲ್ಲದಿದ್ದರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ತಂದರೂ ಆಯಿತು. ನಾನು ಓದಿಕೊಂಡು ಮುಂದೆ ಓಡುತ್ತಿದ್ದೆ. ಆಂಟಿ ತಡೆದರು. "ಲೂಕನ ಸುವಾರ್ತೆ ಎರಡನೇ ಅಧ್ಯಾಯ ತೆಗಿ. ಮರಿಯಳು ಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದಾಗ ಅಲ್ಲಿ ಯಾವುದರ ಹೆಸರಿದೆ ನೋಡು." ನೋಡಿದೆ. ಅದೇ ಬೆಳವಕ್ಕಿ, ಅದೇ ಪಾರಿವಾಳದ ಮರಿ. ಕುರಿಯ ಮಾತೇ ಇಲ್ಲ. ಯೇಸುವಿನ ತಾಯಿ ಕುರಿ ಕೊಡಲಾಗದ ಬಡವಿ ಎಂಬ ಸಂಗತಿ, ನಾನು ಮೂರು ವರ್ಷ ತೂಕಡಿಸಿದ ಆ ಪುಸ್ತಕದಲ್ಲೇ ಕೂತಿತ್ತು. ನಾನೊಬ್ಬಳೇ ಓದಿದ್ದರೆ ಖಂಡಿತ ದಾಟಿಕೊಂಡು ಹೋಗುತ್ತಿದ್ದೆ.

ಅಲ್ಲಿಂದ ನನ್ನ ಓದು ನಿಂತಿಲ್ಲ. ಛಲ ಹುಟ್ಟಿತೆಂದಲ್ಲ. ಆ ಕಡೆ ಒಬ್ಬರು ಫೋನಿಗೆ ಕಾಯುತ್ತಾ ಕೂತಿರುತ್ತಾರಲ್ಲ, ಅದಕ್ಕೆ.

ಈಗ ಓದಿನ ಲೆಕ್ಕಕ್ಕೆ ಬರೋಣ. ಹೊಸಬರಿಗೆ ನಾನು ಇಡೀ ಸತ್ಯವೇದ ಹೇಳುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ ಇವೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಂದುಕೊಂಡರೆ 52 ವಾರಕ್ಕೆ ಸರಿಯಾಗಿ 260. ವಾರಕ್ಕೆ ಎರಡು ದಿನ ರಜೆ ಸಿಕ್ಕಿತು. ಮಗುವಿಗೆ ಜ್ವರ ಬಂದರೆ, ನೆಂಟರು ಬಂದರೆ ಆ ರಜೆ ಕೈಗೆ ಬರುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಹದಿನಾರೇ ಅಧ್ಯಾಯ, ಕಥೆ ಓಡುತ್ತದೆ. ಅದೂ ಭಾರವೆನಿಸಿದರೆ ಜ್ಞಾನೋಕ್ತಿಗಳು ಎಂಬ ಬುದ್ಧಿಮಾತುಗಳ ಪುಸ್ತಕ. ಅದರಲ್ಲಿ 31 ಅಧ್ಯಾಯ. ಇವತ್ತು ತಾರೀಕು 14 ಆದರೆ 14ನೆಯದು ಓದಿ. ನಿನ್ನೆ ತಪ್ಪಿತೇ? ಅದು ಮುಂದಿನ ತಿಂಗಳು ತಾನಾಗಿ ಬರುತ್ತದೆ. ಬಾಕಿ ಎಂಬುದೇ ಇಲ್ಲ.

ಇನ್ನೊಂದು ಮಾತು. ಅಧ್ಯಾಯ ಪೂರ್ತಿ ಮಾಡದೆ ಎದ್ದರೆ ಪಾಪಪ್ರಜ್ಞೆ ಬೇಡ. ಹೊಸ ಒಡಂಬಡಿಕೆಯ ಎಷ್ಟೋ ಪತ್ರಗಳನ್ನು ಬರೆದ ಪೌಲನೇನೂ ಅಧ್ಯಾಯ ಹಾಕಿ ಬರೆಯಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬೆರ್ ಎತಿಯೆನ್ ಎಂಬ ಮುದ್ರಕ, 1551ರಲ್ಲಿ. ಮಗು ಅತ್ತರೆ ವಾಕ್ಯದ ನಡುವೆಯೇ ಬೆರಳಿಟ್ಟು ಏಳಿ. ಹಾಗೆಯೇ ಕೇಳುವುದೂ ಓದೇ. ಆ ಪತ್ರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ ಎಂದು ಪೌಲನೇ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದಿದ್ದಾನೆ. ಮೊದಲ ಶತಮಾನದ ತಾಯಂದಿರು ಹೆಚ್ಚಿನವರು ಕೇಳಿದವರೇ ಹೊರತು ಓದಿದವರಲ್ಲ. ಪಾತ್ರೆ ತೊಳೆಯುತ್ತಾ ಫಿಲಿಪ್ಪಿಯವರಿಗೆ ಬರೆದ ಪತ್ರದ ಆಡಿಯೋ ಹಾಕಿಕೊಳ್ಳಿ. ನಾಲ್ಕೇ ಅಧ್ಯಾಯ, ಸುಮಾರು ಕಾಲು ಗಂಟೆ. ಪಾತ್ರೆಯೂ ಮುಗಿದಿರುತ್ತದೆ.

ಗುರಿಯ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ತಡೆದುಕೊಳ್ಳಿ. ತಾಯಂದಿರ ಕೂಟ ಎಂದರೆ ಸಾಕು, ಜ್ಞಾನೋಕ್ತಿ 31ರ ಗುಣವತಿ ಹೆಂಗಸನ್ನು ತಂದು ನಿಲ್ಲಿಸುತ್ತಾರೆ. ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ಹೊಲ ಕೊಳ್ಳುತ್ತಾಳೆ, ನೂಲುತ್ತಾಳೆ, ಬಡವರಿಗೆ ಕೈನೀಡುತ್ತಾಳೆ, ರಾತ್ರಿ ದೀಪವೂ ಆರುವುದಿಲ್ಲ. ಕೇಳಿಸಿಕೊಂಡವರು ಮನೆಗೆ ಹೋಗಿ ಬೆಳಿಗ್ಗೆ ನಾಲ್ಕಕ್ಕೆ ಅಲಾರಂ ಇಡುತ್ತಾರೆ. ನಾನೂ ಇಟ್ಟಿದ್ದೆ. ಆದರೆ ಆ ಭಾಗವನ್ನು ಸರಿಯಾಗಿ ಓದಿ. 10ರಿಂದ 31ನೇ ವಚನದವರೆಗೆ ಒಟ್ಟು 22 ವಚನ. ಹೀಬ್ರೂ ಅಕ್ಷರಮಾಲೆಯಲ್ಲೂ 22 ಅಕ್ಷರ. ಒಂದೊಂದು ವಚನ ಒಂದೊಂದು ಅಕ್ಷರದಿಂದ ಸಾಲಾಗಿ ಶುರುವಾಗುತ್ತದೆ. ಅದು ಅ ಆ ಇ ಈ ಹಿಡಿದು ಕಟ್ಟಿದ ಹೊಗಳಿಕೆಯ ಹಾಡು. ಒಂದು ಜೀವಮಾನದ ಮಾತು, ಒಂದು ದಿನದ ಕೆಲಸದ ಪಟ್ಟಿಯಲ್ಲ. 15ನೇ ವಚನದಲ್ಲಿ ಅವಳಿಗೆ ಕೆಲಸದವರೂ ಇದ್ದಾರೆ. ಅದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ, ಅಲ್ವಾ?

ನಾನು ಈಗ ವರ್ಷದ ಗುರಿ ಇಡುವುದನ್ನೇ ಬಿಟ್ಟಿದ್ದೇನೆ. ಮೂರು ತಿಂಗಳಿಗೆ ಒಂದು ಇಡುತ್ತೇನೆ. ಚಿಕ್ಕ ಮಗು ಮೂರು ತಿಂಗಳಲ್ಲಿ ಬೇರೆಯೇ ಮಗುವಾಗಿರುತ್ತದೆ, ಮನೆಯ ವೇಳಾಪಟ್ಟಿಯೂ ಬೇರೆ. ಗುರಿ ಬರೆಯುವಾಗ ಎರಡು ಸಾಲು ಬರೆಯುತ್ತೇನೆ: ಒಳ್ಳೆಯ ದಿನ ಎಷ್ಟು, ಕೆಟ್ಟ ದಿನ ಎಷ್ಟು. ಒಳ್ಳೆಯ ದಿನ ಒಂದು ಅಧ್ಯಾಯ, ಹತ್ತು ನಿಮಿಷ ಪ್ರಾರ್ಥನೆ. ಕೆಟ್ಟ ದಿನ 117ನೇ ಕೀರ್ತನೆ. ಅದರಲ್ಲಿ ಇರುವುದೇ ಎರಡು ವಚನ. (ಹತ್ತಿರದಲ್ಲೇ ಇದೆ ಎಂದು 119ಕ್ಕೆ ಕೈ ಹಾಕಬೇಡಿ, ಅದರಲ್ಲಿ 176 ಇವೆ.) ಕೆಟ್ಟ ದಿನದ ಸಾಲನ್ನು ಮುಗಿಸಿದರೂ ಆ ದಿನ ಗೆದ್ದ ಹಾಗೆಯೇ ಗುರುತು ಹಾಕುತ್ತೇನೆ. ಇದರ ಜೊತೆಗೆ ಯಾವುದನ್ನು ಬಿಡುತ್ತೇನೆ ಎಂದೂ ಬರೆಯುತ್ತೇನೆ. ಬಿಡದೆ ಹಿಡಿಯಲು ನಮ್ಮ ಕೈಯಲ್ಲಿ ಜಾಗ ಎಲ್ಲಿದೆ? ಹೋದ ಸಲ ಬಿಟ್ಟಿದ್ದು ರಾತ್ರಿ ಮಲಗಿ ಫೋನ್ ನೋಡುವುದು. ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಇನ್ನು ಗುಂಪು. ಒಮ್ಮೆ ಹುರುಪಿನಿಂದ ವಾಟ್ಸಾಪ್ ಗುಂಪು ಮಾಡಿದೆ. ಎಂಟು ಜನ ಇದ್ದವರು ನಲವತ್ತಾದೆವು. ಎರಡು ತಿಂಗಳಲ್ಲಿ ಅದು ಬೆಳಗಿನ ಶುಭಾಶಯದ ಚಿತ್ರಗಳ ಗುಂಪಾಯಿತು. ಅದಾದರೂ ಪರವಾಗಿಲ್ಲ. ಒಬ್ಬಳು ತನ್ನ ಮನೆಯ ಕಷ್ಟ ಹೇಳಿಕೊಂಡು ಪ್ರಾರ್ಥಿಸಿ ಎಂದು ಕೇಳಿದಳು. ವಾರದೊಳಗೆ ಆ ಸುದ್ದಿ ಅವಳ ಅತ್ತೆಯ ಕಿವಿಗೆ ಬಿತ್ತು. "ಪ್ರಾರ್ಥನೆಗೋಸ್ಕರ ಹೇಳಿದೆ" ಎಂದರು ಹೇಳಿದವರು. ಅವಳು ಸಭೆಗೆ ಬರುವುದನ್ನೇ ಕೆಲವು ತಿಂಗಳು ನಿಲ್ಲಿಸಿದಳು. ಗುಂಪು ಮಾಡಿದವಳು ನಾನು, ಆ ನೋವು ನನಗೆ ಇನ್ನೂ ಇದೆ.

ಈಗ ನಾವು ಮೂವರೇ. ಅವಳೂ ಇದ್ದಾಳೆ. ವಾರವಿಡೀ ಒಂದೇ ಅಧ್ಯಾಯಗಳನ್ನು ಓದಿ, ಗುರುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ನಲವತ್ತು ನಿಮಿಷ ಮಾತಾಡುತ್ತೇವೆ. ಓದದೆ ಬಂದರೂ ಬರಬೇಕು, ಬಾರದೆ ಇರಬಾರದು. ಇಲ್ಲಿ ಆಡಿದ ಮಾತು ಗಂಡನಿಗೂ ಹೇಳುವಂತಿಲ್ಲ. ಕೇಳದೆ ಬುದ್ಧಿವಾದ ಹೇಳುವಂತಿಲ್ಲ (ಈ ನಿಯಮ ಮುರಿಯುವವಳು ಹೆಚ್ಚಾಗಿ ನಾನೇ). ಮೂವರಲ್ಲಿ ಒಬ್ಬಳ ಮಕ್ಕಳು ಕಾಲೇಜು ಮುಟ್ಟಿದ್ದಾರೆ. ಇದು ಮುಖ್ಯ. ಎಲ್ಲರೂ ನಿದ್ದೆಗೆಟ್ಟ ತಾಯಂದಿರೇ ಆದರೆ ಬರೀ ಗೋಳಾಗುತ್ತದೆ. ದಾಟಿ ಬಂದ ಒಬ್ಬಳು ನಡುವೆ ಇರಲಿ.

ಸಣ್ಣದಾಗಿ ಶುರುವಾದದ್ದು ದೊಡ್ಡದಾಗಬಾರದು ಎಂದೇನಿಲ್ಲ. ಸುಸಾನಾ ವೆಸ್ಲಿಯ ಕಥೆ ನೋಡಿ. ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಪಾದ್ರಿಯ ಹೆಂಡತಿ. 19 ಮಕ್ಕಳನ್ನು ಹೆತ್ತವಳು, ಅವುಗಳಲ್ಲಿ ಒಂಬತ್ತು ಕೂಸಾಗಿದ್ದಾಗಲೇ ಹೋದವು. ಮನೆಯಲ್ಲಿದ್ದ ಒಂದೊಂದು ಮಗುವಿನ ಜೊತೆ ಕೂತು ಮಾತಾಡಲು ವಾರದಲ್ಲಿ ಒಂದೊಂದು ಸಂಜೆ ಇಟ್ಟಿದ್ದಳು. ಗುರುವಾರ ಜಾನ್‌ನದು, ಮುಂದೆ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿ ಕಟ್ಟಿದನಲ್ಲ, ಅವನೇ. 1711–12ರ ಚಳಿಗಾಲದಲ್ಲಿ ಗಂಡ ಲಂಡನ್ನಿಗೆ ಹೋಗಿದ್ದಾಗ ಭಾನುವಾರ ಸಂಜೆ ತನ್ನ ಮಕ್ಕಳಿಗೆ, ಮನೆಯ ಆಳುಗಳಿಗೆ ಉಪದೇಶದ ಪ್ರಸಂಗ ಓದಿ ಹೇಳಲು ಶುರು ಮಾಡಿದಳು. ಅಕ್ಕಪಕ್ಕದವರು ನಾವೂ ಬರಬಹುದೇ ಎಂದು ಕೇಳಿದರು. ಕೊನೆಗೆ ಇನ್ನೂರರಷ್ಟು ಜನ ಬರುತ್ತಿದ್ದರು. ಅವಳು ಇನ್ನೂರು ಜನ ಸೇರಿಸಬೇಕೆಂದು ಹೊರಟವಳಲ್ಲ. ಮಕ್ಕಳಿಗೆ ಓದಿ ಹೇಳುತ್ತಿದ್ದಳು, ಬಾಗಿಲು ಮುಚ್ಚಲಿಲ್ಲ, ಅಷ್ಟೇ.

ಗಂಡನ ಬಗ್ಗೆ. ಪೌಲನ ಜೊತೆಗಾರ ತಿಮೊಥೆಯನ ತಾಯಿ ಯೂನಿಕೆಯನ್ನು ನೆನಪಿಸಿಕೊಳ್ಳಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವಳು ನಂಬಿಕೆಯುಳ್ಳ ಯೆಹೂದ್ಯಳು, ಗಂಡ ಗ್ರೀಕನು ಎಂದಿದೆ. ಅವನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಆದರೂ ಮಗ ಚಿಕ್ಕಂದಿನಿಂದಲೇ ವಾಕ್ಯ ಬಲ್ಲವನಾಗಿದ್ದ. ಅವಳ ಜೊತೆಗೆ ಯಾರಿದ್ದರು? ಅವನ ಅಜ್ಜಿ ಲೋವಿ. ಅಲ್ಲೂ ಇಬ್ಬರು ಹೆಂಗಸರು, ನೋಡಿ. ನಿಮ್ಮವರನ್ನು ಓದಿಗೆ ಎಳೆಯಲು ಹೋಗಬೇಡಿ. ಗುರುವಾರ ನಲವತ್ತು ನಿಮಿಷ ಮಕ್ಕಳನ್ನು ನೋಡಿಕೊಳ್ಳಿ ಎಂದು ಮಾತ್ರ ಕೇಳಿ. ಅಷ್ಟು ಮಾಡಿದರೆ ಅದೂ ಪಾಲುಗೊಂಡ ಹಾಗೆಯೇ.

ಬೇರೆ ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾದಂಬರಿ ಓದಿ, ಸಂಕೋಚ ಬೇಡ. ಹಿಡಿಸದಿದ್ದರೆ ಐವತ್ತನೇ ಪುಟದಲ್ಲೇ ಬಿಡಿ. ಮಕ್ಕಳಿಗೆ ಗಟ್ಟಿಯಾಗಿ ಓದಿದ್ದನ್ನೂ ನಿಮ್ಮ ಲೆಕ್ಕಕ್ಕೇ ಹಾಕಿಕೊಳ್ಳಿ, ಒಂದೇ ಕಥೆ ಹನ್ನೊಂದನೇ ಸಲ ಆದರೂ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಬೇಗ ಹೊರಡಬೇಡಿ. ಒಬ್ಬರನ್ನು ನೋಡಿಟ್ಟುಕೊಳ್ಳಿ. ನಿಮ್ಮಂಥ ತಾಯಿಯೇ ಆಗಬೇಕೆಂದಿಲ್ಲ, ಕಣ್ಣು ಕಾಣದ ಅಜ್ಜಿಯೂ ಆಗಬಹುದು. "ಗುಂಪು ಮಾಡೋಣ" ಅನ್ನಬೇಡಿ, ಹೆದರಿಬಿಡುತ್ತಾರೆ. "ನಾನು ಮಾರ್ಕ ಶುರು ಮಾಡ್ತಿದ್ದೀನಿ, ಒಬ್ಬಳೇ ಆದ್ರೆ ನಿಲ್ಲಿಸಿಬಿಡ್ತೀನಿ, ಒಂದು ವಾರ ಜೊತೆಗೆ ಓದ್ತೀರಾ?" ಅನ್ನಿ. ಒಂದು ವಾರಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ನನ್ನ ಆಂಟಿಗೆ ಹೋದ ವರ್ಷ ಕಣ್ಣಿನ ಪೊರೆ ತೆಗೆದರು. ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಫೋನ್ ಮಾತ್ರ ನಿಂತಿಲ್ಲ. ನಾನು ಓದುವಾಗ ಅವರೂ ಪುಸ್ತಕ ತೆರೆದು ಕೂತು, ಸತ್ಯವೇದದ ನಾಲ್ಕನೇ ಪುಸ್ತಕವಾದ ಅರಣ್ಯಕಾಂಡದ ಹೆಸರುಗಳನ್ನು ತಪ್ಪಾಗಿ ಓದಿದರೆ ತಿದ್ದುತ್ತಾರೆ.